ನಿಂತ ಕಂಡಕ್ಟರು, ಎದ್ದ ನರಗಳು

ನನ್ನಲ್ಲಿ ಎದ್ದು ಕಾಣುವಂಥದ್ದು ಏನಾದರೂ ಇದ್ದರೆ ಅದು ನರ ಮಾತ್ರ. ಎತ್ತರ ಇಲ್ಲ, ಬಣ್ಣ ಇಲ್ಲ, ತಲೆಯ ಮೇಲಿದ್ದದ್ದೂ ಈಗ ಒಂದೊಂದಾಗಿ ಇಳಿದು ಹೋಗುತ್ತಿದೆ. ಆದರೆ ಕೈ, ಹಣೆ, ಕಾಲು, ಎಲ್ಲಿ ನೋಡಿದರೂ ಚರ್ಮದ ಕೆಳಗೆ ಹಸಿರು ಹಸಿರಾಗಿ ನರಗಳು. ಡಾಕ್ಟರುಗಳು ಇವನ್ನು ರಕ್ತನಾಳ ಅನ್ನುತ್ತಾರೆ. ನಮ್ಮ ಕಡೆ ಹಸಿರಾಗಿ ಕಂಡದ್ದೆಲ್ಲ ನರವೇ.

ಹುಣಸೂರಿನಿಂದ ಎಚ್.ಡಿ. ಕೋಟೆ ಮೇಲೆ ಬೀಚನಹಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರು. ಮನೆ ಕಟ್ಟೆಮಳಲವಾಡಿ. ದಿನವೂ ಬಸ್ಸು ತುಂಬ ಜನ ನನ್ನ ಕೈಯನ್ನೇ ನೋಡುತ್ತಾರೆ, ಯಾಕೆಂದರೆ ಟಿಕೆಟ್ ಅಲ್ಲಿಂದಲೇ ಬರಬೇಕು. ನೋಡಿದವರು ಸುಮ್ಮನಿರುವುದಿಲ್ಲ. ನನ್ನ ಆರೋಗ್ಯ ಹೇಗಿದೆ ಅಂತ ನರ ನೋಡಿಯೇ ಹೇಳಿಬಿಡುತ್ತಾರೆ. ಹೀಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ಪ್ರತಿ ಸಲವೂ ನಗೆಪಾಟಲಾಗುವವನು ನಾನೇ.

ಬುಟ್ಟಿ ಅಜ್ಜಿಯ ತೀರ್ಪು

ಬೀಚನಹಳ್ಳಿ ಪಕ್ಕದ ಊರಿನಿಂದ ಒಬ್ಬ ಅಜ್ಜಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೋಟೆಗೆ ಬರುತ್ತಾಳೆ. ನಾವು ಅವಳನ್ನು ಬುಟ್ಟಿ ಅಜ್ಜಿ ಅಂತಲೇ ಕರೆಯುವುದು. ಒಂದು ದಿನ ಟಿಕೆಟ್ ಕೊಡಲು ಕೈ ಚಾಚಿದೆ. ಅಜ್ಜಿ ಟಿಕೆಟ್ ಬಿಟ್ಟು ಕೈಯನ್ನೇ ಹಿಡಿದುಕೊಂಡಳು. ಮೊಣಕೈವರೆಗೂ ಬೆರಳಾಡಿಸಿ ನರಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಮದ್ವೆ ಆಗೈತಾ ಮಗ?"

"ಆಗಿ ಬಾಳಾ ವರ್ಸ ಆಯ್ತು ಕಣಜ್ಜಿ."

"ಮತ್ತೆ ಎಂಡ್ರು ಊಟಕ್ಕಿಕ್ಕಲ್ವಾ?"

ಬಸ್ಸೆಲ್ಲ ತಿರುಗಿ ನೋಡಿತು. ನನ್ನ ಹೆಂಡತಿ ಮಾಡುವ ಮುದ್ದೆಯ ಗಾತ್ರವನ್ನು ಎರಡೂ ಕೈಯಲ್ಲಿ ತೋರಿಸಿದೆ. ಅಜ್ಜಿ ನಂಬಲಿಲ್ಲ. "ಉಂಡೋನ ನರ ಇಂಗೆ ಕಾಣಾಕಿಲ್ಲ ಬುಡು, ಒಳಗೇ ಇರ್ತವೆ" ಅಂತ ತೀರ್ಪು ಕೊಟ್ಟು, ಬುಟ್ಟಿಯಿಂದ ಒಂದು ಕಟ್ಟು ದಂಟಿನ ಸೊಪ್ಪು ತೆಗೆದು ನನ್ನ ಚೀಲಕ್ಕೆ ತುರುಕಿದಳು.

ಮನೆಗೆ ಹೋಗಿ ಇದನ್ನು ತಮಾಷೆ ಅಂತ ಹೇಳಿದೆ. ಇಂಥ ಮಾತನ್ನು ಹೆಂಡತಿಯ ಹತ್ತಿರ ಹೇಳುವವನಿಗೆ ಬುದ್ಧಿ ಎಷ್ಟಿರಬೇಕು ಅಂತ ನೀವೇ ಲೆಕ್ಕ ಹಾಕಿ. ಅವತ್ತಿನಿಂದ ನನ್ನ ತಟ್ಟೆಗೆ ಒಂದರ ಬದಲು ಎರಡು ಮುದ್ದೆ, ಮೇಲೆ ತುಪ್ಪ. "ಉಣ್ಣಿ. ನಾಳೆ ಕೈ ತೋರ್ಸಿ ಆ ವಮ್ಮಂಗೆ" ಅನ್ನುತ್ತ ಎದುರಿಗೇ ಕೂರುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಬಂತು, ಯೂನಿಫಾರಂ ಗುಂಡಿ ಹೋಯಿತು, ನರ ಮಾತ್ರ ಇದ್ದ ಹಾಗೇ ಇತ್ತು. ಅಜ್ಜಿ ಮತ್ತೆ ಸಿಕ್ಕಾಗ ಹೊಟ್ಟೆಯನ್ನೂ ನೋಡಿದಳು, ಕೈಯನ್ನೂ ನೋಡಿದಳು.

"ಓಟ್ಲಲ್ ತಿಂತೀಯಾ ಅನ್ಸುತ್ತೆ" ಅಂದಳು.

ಹೊಗೆಸೊಪ್ಪಿನ ಯಜಮಾನರು

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಕಣ್ಣಿಗೆ ಎಲ್ಲವೂ ಸೊಪ್ಪಿನ ಹಾಗೆಯೇ ಕಾಣುತ್ತದೆ. ಸೊಪ್ಪನ್ನು ಬ್ಯಾರನ್ ಮನೆಯಲ್ಲಿ ಬೆಂಕಿ ಕೊಟ್ಟು ಒಣಗಿಸುತ್ತಾರೆ. ಎಲೆ ಒಣಗಿದರೆ ಸಾಲದು, ನಡುವಿನ ನರವೂ ಒಣಗಬೇಕು. ನರದಲ್ಲಿ ಹಸಿ ಉಳಿದರೆ ಬೂಸ್ಟು ಹಿಡಿದು ಎಲ್ಲ ಹಾಳು.

ಗಾವಡಗೆರೆಯ ಯಜಮಾನರೊಬ್ಬರು ಕೋಟೆಯಲ್ಲಿರುವ ಮಗಳ ಮನೆಗೆ ನಮ್ಮ ಬಸ್ಸಿನಲ್ಲಿ ಹೊರಟಿದ್ದರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಮಾತು ಕಡಿಮೆ. ನಾನು ಮೇಲಿನ ಕಂಬಿ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳದೆಯೇ ಕೈಯನ್ನು ಕೆಳಗಿಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿದರು. ಹರಾಜು ಕಟ್ಟೆಯಲ್ಲಿ ಸೊಪ್ಪು ನೋಡುವ ಅಭ್ಯಾಸ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ.

"ಏನ್ ಯಜಮಾನ್ರೇ, ಹೇಗಿದೆ ಆರೋಗ್ಯ?" ಅಂದೆ.

"ಎಲೆ ಸರಿಯಾಗಿ ಒಣಗೈತೆ. ನರ ಇನ್ನೂ ಹಸಿ" ಅಂದರು.

"ಅಂದ್ರೆ?"

"ಬೆಂಕಿ ಸಾಲ್ದು ಕಣಪ್ಪ. ಇನ್ನೊಂದ್ ದಿನ ಬ್ಯಾರನ್ನಲ್ಲಿರಬೇಕಿತ್ತು ನೀನು."

ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಬೆಳೆಗಾರನಿದ್ದ. ಅವನೂ ಎದ್ದು ಬಂದು ನನ್ನ ಕೈ ನೋಡಿದ. ಯಜಮಾನರಿಗೂ ಅವನಿಗೂ ಚರ್ಚೆ ಶುರುವಾಯಿತು. ಒಬ್ಬರು ಬಣ್ಣ ಪರವಾಗಿಲ್ಲ ಅಂದರು, ಇನ್ನೊಬ್ಬ ಬಣ್ಣವೂ ಕಪ್ಪಿಗೆ ತಿರುಗಿದೆ ಅಂದ. ಡ್ರೈವರು ಕನ್ನಡಿಯಲ್ಲಿ ನೋಡುತ್ತ, "ಯಜಮಾನ್ರೇ, ಈ ಮಾಲಿಗೆ ರೇಟ್ ಎಷ್ಟು ಬೀಳ್ತದೆ?" ಅಂತ ಕೂಗಿದ.

ಯಜಮಾನರು ನನ್ನ ಕೈ ಬಿಟ್ಟು ಕಿಟಕಿಯ ಹೊರಗೆ ನೋಡಿದರು. "ಇದು ಹರಾಜಿಗೆ ಆಗಾಕಿಲ್ಲ. ಮನೇಗೆ ವಾಪಸ್ ತಗೊಂಡೋಗ್ಬೇಕು" ಅಂದರು.

ಒಮ್ಮೆ ಹೊಗಳಿಸಿಕೊಂಡದ್ದು

ನನ್ನ ಮೈಕಟ್ಟನ್ನು ಜೀವನದಲ್ಲಿ ಒಬ್ಬರೇ ಹೊಗಳಿದ್ದಾರೆ. ಡಿಪೋದಲ್ಲಿ ರಕ್ತದಾನ ಶಿಬಿರ ಇತ್ತು. ಬಂದಿದ್ದ ಹಿರಿಯ ನರ್ಸಮ್ಮ ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದಂತೆ, "ಅಬ್ಬ, ಎಷ್ಟು ಚೆನ್ನಾಗಿದೆ ವೇಯ್ನು" ಅಂದರು.

ನಾನು ಪಕ್ಕದ ಮಂಚದ ಕಡೆ ನೋಡಿದೆ. ಅಲ್ಲಿ ನಮ್ಮ ಡ್ರೈವರು ಮಲಗಿದ್ದ. ಅವನ ತೋಳು ನನ್ನ ತೊಡೆಯಷ್ಟಿದೆ. ಇಬ್ಬರು ನರ್ಸುಗಳು ತಟ್ಟಿ, ಒತ್ತಿ, ಟಾರ್ಚು ಬಿಟ್ಟು ಹುಡುಕುತ್ತಿದ್ದರೂ ಅವನ ನರ ಸಿಕ್ಕುತ್ತಿರಲಿಲ್ಲ.

"ಕೇಳಿಸ್ತಾ?" ಅಂದೆ ಅವನಿಗೆ.

"ನರ ಐತೆ ಅಂತ ಮೆರೀಬೇಡ ಕಣ್ಲಾ" ಅಂದ.

ಆ ತಾಯಿ ಅಷ್ಟಕ್ಕೇ ಬಿಡಲಿಲ್ಲ. ತರಬೇತಿಗೆ ಬಂದಿದ್ದ ಹುಡುಗಿಯರನ್ನೆಲ್ಲ ಕರೆದು, "ಬನ್ನಿ, ಪುಸ್ತಕದಲ್ಲಿ ಓದಿದ್ದನ್ನ ಇಲ್ಲಿ ನೋಡಿ" ಅಂದರು. ಹುಡುಗಿಯರು ಸಾಲಾಗಿ ಬಂದು ನನ್ನ ನರ ಮುಟ್ಟಿ ನೋಡಿ ಹೋದರು. ಕೃಶವಾಗಿರುವವರಿಗೆ, ಕೈಕೆಲಸ ಮಾಡುವವರಿಗೆ ಹೀಗೆ ಕಾಣುವುದು ಸಹಜ, ಕಾಯಿಲೆಯೇನಲ್ಲ ಅಂತಲೂ ಅವರು ವಿವರಿಸಿದರು. ಬುಟ್ಟಿ ಅಜ್ಜಿ ಇಲ್ಲಿರಬೇಕಿತ್ತು ಅನ್ನಿಸಿತು. ಎದೆ ಉಬ್ಬಿಸಿ ಮಲಗಿದ್ದೆ. ಆಮೇಲೆ ಸೂಜಿ ತೆಗೆದರು. ಸೂಜಿಯನ್ನು ನೋಡಬಾರದಿತ್ತು, ನೋಡಿಬಿಟ್ಟೆ.

ಕಣ್ಣು ಬಿಟ್ಟಾಗ ಮುಖದ ಮೇಲೆ ನೀರಿತ್ತು, ಸುತ್ತ ಅದೇ ಹುಡುಗಿಯರಿದ್ದರು. ರಕ್ತ ಇನ್ನೂ ಒಂದು ತೊಟ್ಟೂ ತೆಗೆದಿರಲಿಲ್ಲ. ಡ್ರೈವರು ರಕ್ತ ಕೊಟ್ಟು ಎದ್ದು ಕೂತು ತನ್ನ ಪಾಲಿನ ಹಣ್ಣಿನ ರಸ ಕುಡಿದು ನನ್ನ ಪಾಲಿನದ್ದಕ್ಕೂ ಕೈ ಹಾಕಿದ್ದ. ಹಿರಿಯ ನರ್ಸಮ್ಮ ಹುಡುಗಿಯರಿಗೆ ಪಾಠ ಮುಗಿಸುತ್ತಿದ್ದರು.

"ನೋಡಿದ್ರಲ್ಲ, ನರ ಗಟ್ಟಿ ಇದ್ದ ಮಾತ್ರಕ್ಕೆ ಯಜಮಾನ್ರು ಗಟ್ಟಿ ಇರ್ತಾರೆ ಅಂತ ಅಲ್ಲ."

ಹಣೆಯ ನರ

ನನಗೆ ಹಣೆಯಲ್ಲೂ ಒಂದು ನರವಿದೆ. ಕೂಗಿದರೆ ಏಳುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಾನು ಬಾಗಿಲಲ್ಲಿ ನಿಂತು "ಮುಂದಕ್ಕೋಗ್ರಿ, ಮುಂದಕ್ಕೋಗ್ರಿ" ಅಂತ ಕೂಗುತ್ತಲೇ ಇರುತ್ತೇನೆ, ನರ ಎದ್ದೇ ಇರುತ್ತದೆ.

ಹೆಂಡತಿಗೆ ಯಾರೋ ಹೇಳಿದರು, ಹಣೆ ನರ ಎದ್ದರೆ ಬಿ.ಪಿ. ಅಂತ. ಬಿ.ಪಿ. ನೋಡಿಸಿದ್ದಾಯಿತು, ಏನೂ ಇರಲಿಲ್ಲ. ಆದರೂ ಅವಳು ನನ್ನಿಂದ ಮಾತು ತೆಗೆದುಕೊಂಡಳು. "ಇನ್ಮೇಲೆ ಬಸ್ಸಲ್ಲಿ ಕೂಗ್ಬಾರ್ದು. ಸಮಾಧಾನವಾಗಿ ಹೇಳಿ, ಜನ ಕೇಳ್ತಾರೆ."

ಮಾರನೆಯ ದಿನ ಕೋಟೆ ನಿಲ್ದಾಣದಲ್ಲಿ ಸಮಾಧಾನವಾಗಿ ಹೇಳಿದೆ. "ದಯವಿಟ್ಟು ಸ್ವಲ್ಪ ಮುಂದಕ್ಕೆ ಹೋಗ್ತೀರಾ?" ಯಾರೂ ಅಲುಗಲಿಲ್ಲ. ಇನ್ನೊಂದು ಸಲ, ಇನ್ನೂ ಸಮಾಧಾನವಾಗಿ ಹೇಳಿದೆ. ಒಬ್ಬ ಹೆಂಗಸು ಪಾಪ ಅನ್ನುವ ಹಾಗೆ ನೋಡಿದಳು. ಡ್ರೈವರು ಹಾರ್ನು ಹೊಡೆದ, ಬಾಗಿಲಲ್ಲಿ ಜನ ನೇತಾಡುತ್ತಿದ್ದರು, ಒಳಗಿನವರು ಆರಾಮವಾಗಿ ಹರಟುತ್ತಿದ್ದರು.

ಕೊನೆಗೆ ಒಬ್ಬ ಕಾಲೇಜು ಹುಡುಗಿ ತನ್ನ ಗೆಳತಿಗೆ ಹೇಳಿದ್ದು ಕಿವಿಗೆ ಬಿತ್ತು. "ಇರೇ, ಇನ್ನೂ ಟೈಮಿದೆ. ಅಂಕಲ್‌ದು ನರ ಎದ್ದಿಲ್ಲ."

ಅಷ್ಟು ದಿನ ಅವರೆಲ್ಲ ನನ್ನ ಗಂಟಲಿಗೆ ಹೆದರಿ ಮುಂದೆ ಹೋಗುತ್ತಿದ್ದಾರೆ ಅಂತ ನಾನು ತಿಳಿದಿದ್ದೆ. ಆ ಮಾತು ಕೇಳಿ ನರ ಎದ್ದಿತು. ಒಂದು ಮಾತೂ ಆಡಬೇಕಾಗಲಿಲ್ಲ, ಇಡೀ ಬಸ್ಸು ಮುಂದಕ್ಕೆ ಸರಿಯಿತು.

ಕಾಲಿನ ಸರದಿ

ಕೈ, ಹಣೆಯದ್ದೆಲ್ಲ ನಗಾಡಿಕೊಂಡು ಕಳೆಯಿತು. ಕಾಲಿನದ್ದು ಹಾಗಿರಲಿಲ್ಲ. ಸಂಜೆಯಾದರೆ ಮೀನಖಂಡ ಭಾರ, ಹಿಮ್ಮಡಿಯ ಮೇಲೆ ಊತ, ನವೆ. ಒಂದು ದಿನ ಮನೆಯಲ್ಲಿ ಲುಂಗಿ ಎತ್ತಿ ಕಟ್ಟಿ ನಿಂತಿದ್ದಾಗ ಹೆಂಡತಿ ನೋಡಿ, "ಇದೇನ್ರೀ, ಬಾವಿ ಹಗ್ಗ ಸುತ್ತಿಟ್ಟಂಗೈತೆ" ಅಂದವಳು, ಮಾರನೆಯ ದಿನವೇ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ ಕಾಲು ನೋಡಿದರು. "ಕಾಲಿನ ರಕ್ತ ಮೇಲಕ್ಕೆ ಹೋಗ್ಬೇಕು. ದಾರಿಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿರ್ತವೆ, ಹೋದ ರಕ್ತ ವಾಪಸ್ ಬರದ ಹಾಗೆ. ನಿಮ್ಮ ಬಾಗಿಲು ಸಡಿಲ ಆಗಿವೆ."

"ನಮ್ಮ ಬಸ್ಸಿನ ಬಾಗ್ಲೂ ಹಂಗೇ ಮೇಡಂ" ಅಂದೆ. ಅವರು ನಗಲಿಲ್ಲ.

"ಕೈಯಲ್ಲಿ ನರ ಕಂಡರೆ ಚಿಂತೆಯಿಲ್ಲ. ಕಾಲಲ್ಲಿ ಹೀಗೆ ಸುತ್ತಿಕೊಂಡು, ಭಾರ, ಊತ ಇದ್ದರೆ ನೋಡಿಸ್ಬೇಕು. ಹೀಗೇ ಬಿಟ್ರೆ ಚರ್ಮ ಕಪ್ಪಾಗಿ ಹುಣ್ಣಾಗ್ತದೆ. ನೀವು ಡ್ಯೂಟಿಯಲ್ಲಿ ಕೂರೋದೇ ಇಲ್ವಾ?"

"ಇವತ್ತಿನವರ್ಗೂ ಕೂತಿಲ್ಲ ಮೇಡಂ" ಅಂದೆ, ಪದಕ ಕೊಡುತ್ತಾರೇನೋ ಎನ್ನುವ ಹಾಗೆ.

"ಹಾಗಾದ್ರೆ ಕೂತು ಮಾಡೋ ಕೆಲಸ ಕೇಳಿ. ಡಿಪೋದಲ್ಲಿ ಇಲ್ವಾ?"

ಇದೆ. ಡಿಪೋ ಗೇಟಿನಲ್ಲಿ ಒಂದು ಕುರ್ಚಿ ಇದೆ. ಒಳಗೆ ಬಂದ ಬಸ್ಸು ಯಾವುದು, ಹೊರಗೆ ಹೋದದ್ದು ಯಾವುದು ಅಂತ ಬರೆಯುವುದೇ ಕೆಲಸ. ಇಲ್ಲದ ಬೆನ್ನುನೋವು ಹೇಳಿಕೊಂಡು ಆ ಕುರ್ಚಿಗಾಗಿ ಕಾಯುವವರಿದ್ದಾರೆ. ನಿಜವಾದ ಕಾಲುನೋವಿದ್ದ ನಾನೊಬ್ಬ ಅದಕ್ಕೆ ಹೆದರಿದೆ. ಬಸ್ಸಿನಲ್ಲಾದರೆ ಸೀಟಿ ಊದಿದರೆ ನಿಲ್ಲುತ್ತದೆ, ಊದಿದರೆ ಹೊರಡುತ್ತದೆ. ನನ್ನ ಮಾತು ಕೇಳುವ ಇನ್ನೊಂದು ವಸ್ತು ಈ ಪ್ರಪಂಚದಲ್ಲಿ ಇಲ್ಲ. ಬುಟ್ಟಿ ಅಜ್ಜಿ, ಯಜಮಾನರು, ಆ ಕಾಲೇಜು ಹುಡುಗಿಯರು, ಇವರನ್ನೆಲ್ಲ ಬಿಟ್ಟು ಗೇಟಿನ ಹತ್ತಿರ ಕೂತರೆ ನಾನು ಸೊರಗಿಹೋಗುತ್ತೇನೆ ಅನ್ನಿಸಿತು. ಡಿಪೋದವರಿಗೆ ಕಾಲಿನ ವಿಷಯ ಗೊತ್ತಾಗಬಾರದು ಅಂತ ಹೆಂಡತಿಯಿಂದ ಆಣೆ ಹಾಕಿಸಿಕೊಂಡೆ. ಅವಳೂ ಒಂದು ಷರತ್ತು ಹಾಕಿದಳು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಬೇಕು.

ಮೊದಲನೆಯದು ಸ್ಕ್ಯಾನಿಂಗ್. ಅದಕ್ಕೆ ಮೈಸೂರಿಗೇ ಹೋಗಬೇಕಾಯಿತು. ಅಲ್ಲಿ ಸಾಲಾಗಿ ಕೂತಿದ್ದವರೆಲ್ಲ ಬಸುರಿಯರು, ಪಕ್ಕದಲ್ಲಿ ಅವರ ಗಂಡಂದಿರೋ ತಾಯಂದಿರೋ. ಸ್ಕ್ಯಾನಿಂಗ್ ಹುಡುಗಿ ಬಂದು, "ಎಲ್ರೂ ಚೆನ್ನಾಗಿ ನೀರು ಕುಡೀರಿ, ಅರ್ಜೆಂಟಾದ್ರೂ ತಡ್ಕೊಳ್ಳಿ" ಅಂದಳು. ಎಲ್ಲರೂ ಅಂದಮೇಲೆ ನಾನೂ ಸೇರಿದೆ. ಒಂದೂ ಬಿಡದೆ ಮಾಡಬೇಕು ಅಂತ ಷರತ್ತಿತ್ತಲ್ಲ, ಬಾಟಲಿಯ ಮೇಲೆ ಬಾಟಲಿ ಕುಡಿದೆ.

ಪಕ್ಕದಲ್ಲಿದ್ದ ಒಬ್ಬ ಅಮ್ಮ ನನ್ನ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹತ್ತಿರ ಬಾಗಿ, "ಎಷ್ಟು ತಿಂಗಳಲ್ಲಿ?" ಅಂತ ಮೆಲ್ಲಗೆ ಕೇಳಿದರು. ನಮ್ಮ ಮಗಳಿಗೇ ಮಗುವಾಗಿದೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು, "ನಂಗಲ್ಲ, ಇವ್ರಿಗೆ" ಅಂದಳು. ಆಗ ಒಳಗಿನಿಂದ ನನ್ನ ಹೆಸರು ಕೂಗಿದರು. ಹಿಂದಿನ ಸಂಜೆಯಿಂದ ಊದಿದ್ದ ಕಾಲು, ತುಂಬಿದ್ದ ಹೊಟ್ಟೆ, ಎರಡನ್ನೂ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ನಾನು ನಿಧಾನವಾಗಿ ನಡೆದೆ. ಬಸುರಿಯರೆಲ್ಲ ದಾರಿ ಬಿಟ್ಟರು.

ಒಳಗಿದ್ದ ಡಾಕ್ಟರು ನನ್ನನ್ನು ನಿಲ್ಲಿಸಿ ಮೀನಖಂಡ ಒತ್ತಿದ ಹೊತ್ತಿಗೆ ನನಗೆ ಜೀವ ಹೋಗುವ ಹಾಗಾಗಿತ್ತು. "ತುಂಬಾ ನೋವಾ?" ಅಂದರು.

"ನೋವಲ್ಲ ಸಾರ್, ನೀರು. ಕುಡೀಬೇಕು ಅಂದ್ರು."

"ಕಾಲಿನ ಸ್ಕ್ಯಾನಿಗೆ ನೀರ್ಯಾಕೆ ಮಾರಾಯ್ರೆ? ನಿಮ್ಮ ಕಾಲಲ್ಲಿ ಮಗು ಇದೆಯಾ?"

ಬೆಳಗಿನ ಕುಸ್ತಿ

ಸ್ಕ್ಯಾನ್ ನೋಡಿ ಡಾಕ್ಟರಮ್ಮ, ಸದ್ಯ ಒಳಗಿನ ದೊಡ್ಡ ನಾಳ ಚೆನ್ನಾಗಿದೆ, ಬಿಗಿಯಾದ ಕಾಲುಚೀಲ ಹಾಕಿ ಅಂದರು. ಮೈಬಣ್ಣದ್ದು, ಮೊಣಕಾಲವರೆಗೆ ಬರುವುದು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿಕೊಳ್ಳಬೇಕು. ಮಧ್ಯಾಹ್ನ ಬಿಡುವಿದ್ದಾಗ ಮಲಗಿ ಕಾಲನ್ನು ಎದೆಗಿಂತ ಮೇಲೆ ಎತ್ತಿಡಬೇಕು.

ಆ ಕಾಲುಚೀಲದ ಬಿಗಿ ಎಂಥದ್ದು ಅಂದರೆ, ಒಬ್ಬರಿಂದ ಆಗುವ ಕೆಲಸ ಅಲ್ಲ. ಮೊದಲ ದಿನ ನಾನು ಮಂಚದ ಮೇಲೆ ಅಂಗಾತ ಮಲಗಿ ಕಾಲೆತ್ತಿದೆ. ಹೆಂಡತಿ ಎರಡೂ ಕೈಯಲ್ಲಿ ಎಳೆದಳು, ಬರಲಿಲ್ಲ. ಕೊನೆಗೆ ಅವಳು ಮಂಚ ಹತ್ತಿ, ಒಂದು ಪಾದ ನನ್ನ ಎದೆಯ ಮೇಲಿಟ್ಟು, ಹಲ್ಲು ಕಚ್ಚಿ ಜಗ್ಗತೊಡಗಿದಳು. ನಾನು "ಅಯ್ಯೋ, ಸಾಕು ಕಣೆ, ಬುಡೆ" ಅನ್ನುತ್ತಿದ್ದೆ.

ಸದ್ದು ಕೇಳಿ ನನ್ನ ಅವ್ವ ಬಾಗಿಲಿಗೆ ಬಂದಳು. ಕಾಲುಚೀಲದ ಕತೆ ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಳ್ಳುತ್ತ ಸೊಸೆಗೆ ಹೇಳಿದಳು.

"ಏನೋ ತಪ್ಪು ಮಾಡವ್ನೆ, ಇದೊಂದ್ ಸಲ ಬುಟ್ಬುಡವ್ವ."

ಬೀಚನಹಳ್ಳಿಯಲ್ಲಿ ನಾನು ಸತ್ತದ್ದು

ಕಾಲುಚೀಲ ಪ್ಯಾಂಟಿನೊಳಗೆ ಅಡಗಿತು, ಡಿಪೋದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಡ್ರೈವರಿಗೂ ಹೇಳಿರಲಿಲ್ಲ, ಅವನಿಗೆ ಹೇಳುವುದೂ ಬಸ್ಸಿನ ಮೇಲೆ ಬರೆಸುವುದೂ ಒಂದೇ. ಉಳಿದದ್ದು ಕಾಲೆತ್ತುವ ಕೆಲಸ. ಬೀಚನಹಳ್ಳಿಯಲ್ಲಿ ಮಧ್ಯಾಹ್ನ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಡ್ರೈವರು ಊಟಕ್ಕೆ ಹೋದಮೇಲೆ ನಾನು ಕೊನೆಯ ಉದ್ದ ಸೀಟಿನಲ್ಲಿ ಅಂಗಾತ ಮಲಗಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಎರಡೂ ಕಾಲನ್ನು ಮುಂದಿನ ಸೀಟಿನ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಡ್ರೈವರು ಬರುವಷ್ಟರಲ್ಲಿ ಎದ್ದುಬಿಡುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಒಂದು ದಿನ ಅಲ್ಲಿನ ಅಣೆಕಟ್ಟಿನ ಹಿನ್ನೀರಿನ ತಂಪು ಗಾಳಿಗೆ ನಿದ್ದೆ ಹತ್ತಿಬಿಟ್ಟಿತು.

ಮುಂದೆ ನಡೆದದ್ದನ್ನು ಆಮೇಲೆ ಬೇರೆಯವರ ಬಾಯಿಂದ ಕೇಳಿ ತಿಳಿದೆ. ಸೀಟು ಹಿಡಿಯಲು ಬುಟ್ಟಿ ಅಜ್ಜಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು. ನೋಡಿದರೆ ಹಿಂದಿನ ಸೀಟಿನ ಮೇಲೆ ಎರಡು ಕಾಲು, ಅಲ್ಲಾಡುತ್ತಿಲ್ಲ. ಹತ್ತಿರ ಹೋದರೆ ನಾನು, ಬಾಯಿ ತೆರೆದು ಬಿದ್ದಿದ್ದೇನೆ. ಅವಳು ಬೀದಿಗೆ ಕೇಳುವ ಹಾಗೆ ಕೂಗಿದಳು. "ಓಗ್ಬುಟ್ಟ ಕಣ್ರಪ್ಪೋ, ನಮ್ಮ ಕಂಡಾಕ್ಟ್ರು ಓಗ್ಬುಟ್ಟ."

ಜನ ಸೇರಿದರು. ಯಾರೋ ಮೂಗಿಗೆ ಕೈಯಿಟ್ಟು ಉಸಿರು ಇದೆ ಅಂದರು. ಹಾಗಾದರೆ ಮೂರ್ಛೆ ಅಂತ ತೀರ್ಮಾನವಾಯಿತು. ಮೂರ್ಛೆಗೆ ನಮ್ಮ ಕಡೆ ಕೈಗೆ ಕಬ್ಬಿಣ ಕೊಡುತ್ತಾರೆ, ಬೀಗದ ಕೈ ಆದರೆ ಸಾಕು. ಬಸ್ಸಿನಲ್ಲಿ ಬೀಗದ ಕೈ ಎಲ್ಲಿ ಬರಬೇಕು? ಓಡಿ ಬಂದ ಡ್ರೈವರು ಚಕ್ರ ಬಿಚ್ಚುವ ಸ್ಪ್ಯಾನರ್ ತಂದು ನನ್ನ ಕೈಯಲ್ಲಿ ಹಿಡಿಸಿ ಎದೆಯ ಮೇಲಿಟ್ಟ. ಅಜ್ಜಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಇನ್ನೊಬ್ಬ ಅಂಗಾಲು ತಿಕ್ಕಲು ಅಂತ ನನ್ನ ಕಾಲು ಹಿಡಿದ. ಹಿಡಿದು ಮೇಲಿನಿಂದ ಕೆಳಕ್ಕೆ ಒಂದು ಸಲ ಉಜ್ಜಿದ್ದೇ ತಡ, ಮೈಬಣ್ಣದ ಕಾಲುಚೀಲ ಮೊಣಕಾಲಿನಿಂದ ಸುರುಳಿಯಾಗಿ ಕೆಳಗೆ ಬರತೊಡಗಿತು.

"ಚರ್ಮ ಸುಲ್ಕೊಂಡ್ ಬತ್ತಾ ಐತೆ ಕಣ್ರೋ" ಅಂತ ಅವನು ಕಿರುಚಿ ಹಿಂದಕ್ಕೆ ಬಿದ್ದ. ಅದರ ಕೆಳಗಿನಿಂದ ನನ್ನ ಹಸಿರು ನರಗಳು ಹೊರಗೆ ಬಂದವು. ಇಬ್ಬರು ಹೆಂಗಸರು ಅಳತೊಡಗಿದರು. ಡ್ರೈವರು ಇನ್ನು ಕಾಯುವುದಿಲ್ಲ ಅಂತ ಲೈಟು ಹಾಕಿ, ಹಾರ್ನು ಹಿಡಿದುಕೊಂಡು, ಇದ್ದ ಜನರನ್ನೆಲ್ಲ ತುಂಬಿಕೊಂಡೇ ಕೋಟೆ ಆಸ್ಪತ್ರೆಗೆ ಬಸ್ಸು ಬಿಟ್ಟ. ಅದಕ್ಕೂ ಮೊದಲು ನನ್ನ ಹೆಂಡತಿಗೆ ಫೋನು ಮಾಡಿ, "ಅಕ್ಕ, ಏನೂ ಗಾಬ್ರಿ ಆಗ್ಬೇಡಿ" ಅಂದಿದ್ದ.

ಎದೆಯ ಮೇಲೆ ಸ್ಪ್ಯಾನರ್ ಕುಣಿದು ನನಗೆ ಎಚ್ಚರವಾಯಿತು. ಏಳಲು ಹೋದೆ, ನಾಲ್ಕಾರು ಕೈಗಳು ಒತ್ತಿ ಮಲಗಿಸಿದವು.

"ನಂಗೇನಾಗಿಲ್ಲ ಕಣಜ್ಜಿ. ನಿದ್ದೆ ಮಾಡ್ತಿದ್ದೆ."

ಅಜ್ಜಿ ಈರುಳ್ಳಿಯನ್ನು ಇನ್ನೂ ಹತ್ತಿರ ಹಿಡಿದಳು. "ನಮ್ಮೋರೂ ಕೊನೇಗಾಲ್ದಲ್ಲಿ ಇಂಗೇ ಅಂದ್ರು ಮಗ" ಅಂತ ಕಣ್ಣೊರೆಸಿಕೊಂಡಳು.

ಆಗ ಬಸ್ಸು ಗಕ್ಕನೆ ನಿಂತಿತು. ಅಡ್ಡ ನಿಂತಿದ್ದದ್ದು ಚೆಕಿಂಗ್ ಜೀಪು. ಹತ್ತಿ ಬಂದ ಸಾಹೇಬರು ನಕ್ಕದ್ದನ್ನು ನೋಡಿದವರು ನಮ್ಮ ಡಿಪೋದಲ್ಲಿ ಯಾರೂ ಇಲ್ಲ. ಮುಂದೆ ನಿಂತಿದ್ದವನನ್ನು ಟಿಕೆಟ್ ಕೇಳಿದರು.

"ಟಿಕೆಟ್ ಕೊಡೋರೇ ಓಗ್ತಾವ್ರೆ ಸಾರ್, ನಾನೆಲ್ಲಿಂದ ತರ್ಲಿ?" ಅಂದ ಅವನು.

ಬಸ್ಸು ತುಂಬ ಜನ, ಒಬ್ಬರ ಹತ್ತಿರವೂ ಟಿಕೆಟ್ ಇಲ್ಲ. ಹೆಂಗಸರ ಪುಕ್ಕಟೆ ಪ್ರಯಾಣಕ್ಕೂ ಟಿಕೆಟ್ ಹರಿಯಲೇಬೇಕು, ಅದೂ ಇಲ್ಲ. ಟಿಕೆಟ್ ಮೆಷೀನು ಅಜ್ಜಿಯ ಬುಟ್ಟಿಯಲ್ಲಿ ಸೊಪ್ಪಿನ ಮೇಲೆ ಮಲಗಿತ್ತು. ಸಾಹೇಬರು ಜನರನ್ನು ಸರಿಸಿಕೊಂಡು ಹಿಂದಕ್ಕೆ ಬಂದು ನನ್ನನ್ನು ನೋಡಿದರು. ಕಾಲು ಮೇಲೆ, ಒಂದು ಕಾಲುಚೀಲ ಅರ್ಧ ಕೆಳಗೆ, ಎದೆಯ ಮೇಲೆ ಸ್ಪ್ಯಾನರ್, ಮೂಗಿನ ತುದಿಗೆ ಈರುಳ್ಳಿ ಸಿಪ್ಪೆ.

"ಏನ್ರೀ ಇದು?"

ಮುಗಿಯಿತು ಅಂದುಕೊಂಡೆ. ಆ ಗೇಟಿನ ಕುರ್ಚಿ ಕಣ್ಣ ಮುಂದೆ ಬಂತು. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. ನಿಜವನ್ನೇ ಹೇಳಿದೆ. "ಕಾಲಿನ ನರ ಸಾರ್. ಡಾಕ್ಟ್ರು ಎತ್ತಿಡಿ ಅಂದವ್ರೆ. ನಿದ್ದೆ ಬಂದ್ಬುಡ್ತು."

ಸಾಹೇಬರು ಕಾಲುಚೀಲವನ್ನೇ ನೋಡುತ್ತ ನಿಂತರು. "ಬೆಳಿಗ್ಗೆ ಯಾವಾಗ ಹಾಕ್ಕೊಳ್ತೀರಿ ಇದನ್ನ?"

"ಏಳೋಕ್ ಮುಂಚೆ ಸಾರ್."

"ಒಬ್ರೇನಾ?"

"ಹೆಂಡ್ತಿ ಎದೆ ಮೇಲೆ ಕಾಲಿಟ್ಟು ಎಳೀತಾಳೆ ಸಾರ್."

"ಹೂಂ. ನಮ್ಮನೇಲೂ ಹಂಗೇನೆ" ಅಂದ ಸಾಹೇಬರು ಪಕ್ಕದ ಸೀಟಿನಲ್ಲಿ ಕೂತು ತಮ್ಮ ಪ್ಯಾಂಟನ್ನು ಮೇಲಕ್ಕೆಳೆದರು. ಒಳಗೆ ಅದೇ ಮೈಬಣ್ಣದ ಕಾಲುಚೀಲ. ಅದನ್ನು ಮಡಚಿ ತೋರಿಸಿದರು, ನನ್ನದಕ್ಕಿಂತ ದಪ್ಪ ದಪ್ಪ ನರ. "ನಾನೂ ಕೆ.ಆರ್. ನಗರದ ರೂಟಲ್ಲಿ ನಿಂತೇ ಟಿಕೆಟ್ ಹರಿದೋನು ಕಣ್ರೀ. ಕಂಡಕ್ಟರ್ ಸೀಟು ಅಂತ ಒಂದು ಮಾಡಿರೋದು ಅಂದಕ್ಕಲ್ಲ. ಕೂತ್ಕೊಳ್ರಿ."

"ಡಿಪೋಗೆ ಹೇಳ್ತೀರಾ ಸಾರ್?"

"ಹೇಳಿದ್ರೆ ಮೊದ್ಲು ನನ್ನನ್ನ ಆ ಗೇಟಲ್ಲಿ ಕೂರಿಸ್ತಾರೆ" ಅಂದರು.

ನನಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು, ಆದರೆ ನನ್ನ ಕಾಲಿನ್ನೂ ಮೇಲೇ ಇತ್ತು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಡ್ರೈವರು ಸ್ಪೀಕರ್ ಹಾಕಿ ಕೊಟ್ಟ. ಅವಳು ಅಳುತ್ತಿದ್ದಳು. "ಇದ್ದೀನಿ ಕಣೆ, ಚೆನ್ನಾಗಿದ್ದೀನಿ" ಅಂದೆ. ಅವಳು ಮೂಗೊರೆಸಿಕೊಂಡು, "ಕಾಲುಚೀಲ ಎಲ್ರೀ?" ಅಂತ ಕೇಳಿದಳು. ಬಸ್ಸಿನವರೆಲ್ಲ ಸಮಾಧಾನದ ಉಸಿರು ಬಿಟ್ಟರು.

ಅಜ್ಜಿ ಮಾತ್ರ ಬಿಡಲಿಲ್ಲ. "ನಾನ್ ಅವತ್ತೇ ಏಳ್ಲಿಲ್ವಾ? ಎಂಡ್ರು ಸರಿಯಾಗ್ ಊಟಕ್ಕಿಕ್ಕಿದ್ರೆ ಇದೆಲ್ಲ ಯಾಕ್ ಆಯ್ತಿತ್ತು?" ಅಂದಳು. ಫೋನಿನ ಅಳು ತಟ್ಟನೆ ನಿಂತಿತು. "ಯಾರ್ರೀ ಅದು? ಆ ಬುಟ್ಟಿ ಅಜ್ಜೀನಾ? ಫೋನ್ ಕೊಡಿ ಅವ್ಳಿಗೆ." ಕೊಡಲಿಲ್ಲ. ನಾನೊಬ್ಬ ಬದುಕಿ ಉಳಿದದ್ದೇ ಸಾಕಿತ್ತು.

ಅಷ್ಟು ಹೊತ್ತಿಗೆ ಅಜ್ಜಿಯ ಕಣ್ಣು ಸಾಹೇಬರ ಕಾಲಿನ ಮೇಲೆ ಬಿದ್ದಿತ್ತು. ಅವಳು ಬುಟ್ಟಿ ಕೆಳಗಿಟ್ಟು, ಬಾಗಿ, ನರಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒಂದು ಕಟ್ಟು ದಂಟಿನ ಸೊಪ್ಪು ತೆಗೆದು ಅವರ ತೊಡೆಯ ಮೇಲಿಟ್ಟಳು.

"ಪಾಪ, ಇವನ ಮನೇಲಂತೂ ಒಲೇನೇ ಅಚ್ಚಾಕಿಲ್ಲ."

ಸಾಹೇಬರು ತೊಡೆಯ ಮೇಲಿನ ಸೊಪ್ಪನ್ನು ನೋಡಿದರು. ಅವರ ಹಣೆಯ ಮೇಲೆ ನಿಧಾನವಾಗಿ ಒಂದು ನರ ಎದ್ದಿತು. ಅದನ್ನು ನೋಡಿದ್ದೇ ತಡ, ನಮ್ಮ ಪ್ಯಾಸೆಂಜರುಗಳೆಲ್ಲ ಎದ್ದು ಮುಂದಕ್ಕೆ ಹೋದರು.